ಎಂಟು ಮಂದಿಗೆ ಎಷ್ಟು ದೊಡ್ಡ ಕ್ಯಾಂಪರ್ ಬೇಕು?

ಎಲ್ಲಾರಿಗೂ ನಮಸ್ಕಾರ್ರಿ. ರಜಾಕ್ಕ ಊರಿಗೆ ಬಂದೀನಿ, ಈ ಸಂಚಿಕೆ ಕೆಲಸ ಕಲಬುರಗಿ ಮನ್ಯಾಗ ಕುಂತೇ ಮುಗಿಸ್ಲಿಕತ್ತೀನಿ, ಇಲ್ಲಿ ಈಗ ಒಂದೇ ಮಾತು ನಡದದ: ಬರೋ ಬ್ಯಾಸಗಿಗೆ ಅಪ್ಪ, ಅವ್ವ, ಅಣ್ಣ, ವೈನಿ, ಅವರ ಎರಡು ಮಕ್ಕಳು ಅಮೆರಿಕಾಕ್ಕ ಬರೋರು, ನಾವಿಬ್ರು ಸೇರಿ ಎಂಟು ಮಂದಿ, ಒಂದು ಕ್ಯಾಂಪರ್ (ಹಾಸಿಗಿ, ಅಡಗಿಮನಿ, ಸಂಡಾಸು ಒಳಗೇ ಇರೋ ಗಾಡಿ) ತಗೊಂಡು ಕ್ಯಾಲಿಫೋರ್ನಿಯಾದ ಯೊಸೆಮಿಟಿ ನ್ಯಾಷನಲ್ ಪಾರ್ಕಿಗೆ ಹೋಗೋಣು ಅಂತ. ನಮ್ಮ ಸಂಘದಾಗೂ ಊರಿಂದ ಮಂದಿ ಬರೋ ಟೈಮಿಗೆ ಭಾಳ ಜನ ಇದನ್ನೇ ಕೇಳ್ತಾರ, ಅದಕ್ಕ ಈ ಸಲ ಇದನ್ನೇ ಬರದೀನಿ.

ಬಾಡಿಗಿ ಕಂಪನಿಯವರು "ಸ್ಲೀಪ್ಸ್ 8", ಅಂದ್ರ ಎಂಟು ಮಂದಿ ಮಲಗಬಹುದು ಅಂತ ಬರದಿರ್ತಾರ, ಅದನ್ನ ನೋಡಿ ಬುಕ್ ಮಾಡಬ್ಯಾಡ್ರಿ. 30 ಅಡಿ ಉದ್ದದ, ಕ್ಲಾಸ್ ಸಿ ಅನ್ನೋ ನಮೂನಿ ಗಾಡ್ಯಾಗ ಹಿಂದ ಒಂದು ಹಾಸಿಗಿ ಇರ್ತದ, ಡ್ರೈವರ್ ತಲಿ ಮ್ಯಾಲ ಒಂದು, ಊಟದ ಟೇಬಲ್ ಇಳಿಸಿದ್ರ ಒಂದು, ಸೋಫಾ ಬಿಚ್ಚಿದ್ರ ಒಂದು. ಲೆಕ್ಕಕ್ಕ ಎಂಟು ಆಯ್ತು ಖರೆ, ಆದ್ರ ಮೊಣಕಾಲ ನೋವಿರೋ ಅವ್ವ ಏಣಿ ಹತ್ತಿ ತಲಿ ಮ್ಯಾಲಿನ ಹಾಸಿಗಿಗೆ ಹೋಗೂದು ಆಗೂದಿಲ್ಲ, ಟೇಬಲ್ ಮ್ಯಾಲ ಮಲಗಿದವರು ಏಳೋತನಕ ಯಾರಿಗೂ ಕುಂತು ನಾಷ್ಟಾ ಮಾಡ್ಲಿಕ್ಕ ಜಾಗ ಇಲ್ಲ, ಮತ್ತ ಎಂಟು ಮಂದಿಗೆ ಸಂಡಾಸು ಒಂದೇ. ಮೊದಲ ಹಿರಿಯರ ಹಾಸಿಗಿ ಯಾವುದು ಅಂತ ಗಟ್ಟಿ ಮಾಡ್ಕೊಳ್ರಿ, ಉಳದದ್ದು ಆಮ್ಯಾಲ.

ಎರಡನೇದು ಸೀಟ್ ಬೆಲ್ಟು. ಇಲ್ಲಿ ಗಾಣಗಾಪುರಕ್ಕ ಹೋಗೋವಾಗ ಕ್ರೂಸರ್‌ನ್ಯಾಗ ಸ್ವಲ್ಪ ಸರೀರಿ ಅಂದು ಇನ್ನಿಬ್ರನ್ನ ಕೂಡಿಸ್ತೀವಿ, ಅಲ್ಲಿ ಹಂಗ ನಡೆಯೂದಿಲ್ಲ, ಬೆಲ್ಟ್ ಎಷ್ಟೋ ಮಂದಿ ಅಷ್ಟೇ. ಹಾಸಿಗಿ ಎಂಟಿದ್ದು ಬೆಲ್ಟ್ ಆರೋ ಏಳೋ ಇರೋ ಗಾಡಿನೂ ಇರ್ತಾವ, ಕೇಳಿ ತಿಳ್ಕೊಳ್ರಿ. ಮಕ್ಕಳ ಕಾರ್ ಸೀಟ್ ಮುಂದಕ್ಕ ಮುಖ ಇರೋ ಸೀಟಿಗೇ ಕಟ್ಟಬೇಕು, ಅಡ್ಡ ಇರೋ ಸೋಫಾಕ್ಕ ಅಲ್ಲ. ಎಳಕೊಂಡು ಹೋಗೋ ಟ್ರೇಲರ್ ತಗೊಂಡ್ರ ಅದರಾಗ ಮಂದಿ ಕೂಡ್ಲಿಕ್ಕ ಭಾಳಷ್ಟು ರಾಜ್ಯದಾಗ ಬಿಡೂದಿಲ್ಲ, ಎಂಟೂ ಮಂದಿ ಎಳಿಯೋ ಗಾಡ್ಯಾಗೇ ಕೂಡಬೇಕು.

ಭಾರದ ಮಾತು ಯಾರೂ ಆಡೂದಿಲ್ಲ, ನನಗ ಅದೇ ಚಿಂತಿ. ಗಾಡ್ಯಾಗ ಒಂದು ಸ್ಟಿಕರ್ ಇರ್ತದ, ಮಂದಿ ಮತ್ತ ಸಾಮಾನು ಕೂಡಿ ಇಷ್ಟರ ಮ್ಯಾಲ ಹೇರಬ್ಯಾಡ್ರಿ ಅಂತ. 40 ಗ್ಯಾಲನ್ ನೀರು ತುಂಬಿದ್ರ ಅದೇ 150 ಕೆಜಿ, ತಲಿಗೆ 65 ಕೆಜಿ ಹಿಡದ್ರ ಎಂಟು ಮಂದಿ 520, ಅದರ ಮ್ಯಾಲ ಊರಿಂದ ಬಂದ ಸೂಟ್‌ಕೇಸು, ಅಕ್ಕಿ, ಬ್ಯಾಳಿ, ಕುಕ್ಕರ್. ಗಾಡಿ ಉದ್ದ ಆದಂಗ ಹೇರೋ ತಾಕತ್ತು ಹೆಚ್ಚಾಗ್ತದ ಅಂತ ತಿಳೀಬ್ಯಾಡ್ರಿ, ಅದೇ ಚಾಸಿ ಮ್ಯಾಲ ಉದ್ದನ ಬಾಡಿ ಕೂಡಿಸಿದ್ರ ಬಾಡಿ ಭಾರಾನೇ ಆ ತಾಕತ್ತು ತಿಂದುಬಿಡ್ತದ. ಅಡಗಿದು ಮಾತ್ರ ನಮಗ ಸಲೀಸು, ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮಸರು ಇದ್ರ ಒಲಿ ಹಚ್ಚೂದೇ ಬ್ಯಾಡ.

ಮತ್ತ ಜಾಗ. ಯೊಸೆಮಿಟಿ ಕಣಿವ್ಯಾಗಿನ ಕ್ಯಾಂಪ್‌ಗ್ರೌಂಡುಗಳೊಳಗ ಒಂದು ಸೈಟಿಗೆ (ಗಾಡಿ ನಿಲ್ಲಿಸಿ ಉಳಕೊಳ್ಳೋ ಜಾಗಕ್ಕ) ಆರೇ ಮಂದಿ, ಸಣ್ಣ ಮಕ್ಕಳನ್ನೂ ಎಣಿಸ್ತಾರ. ಅಂದ್ರ ಎಷ್ಟೇ ದೊಡ್ಡ ಕ್ಯಾಂಪರ್ ತಂದ್ರೂ ಎಂಟು ಮಂದಿಗೆ ಎರಡು ಸೈಟ್ ಬೇಕೇ ಬೇಕು. ಗಾಡಿ ಉದ್ದ ಆದಷ್ಟು ಅದು ಹಿಡಿಸೋ ಸೈಟ್ ಕಮ್ಮಿ. ಮೊಂಟಾನಾ ರಾಜ್ಯದ ಗ್ಲೇಸಿಯರ್ ಪಾರ್ಕಿನ ಗೋಯಿಂಗ್ ಟು ದ ಸನ್ ರೋಡಿನ ಮ್ಯಾಲಿನ ಘಾಟಿಗಂತೂ 21 ಅಡಿ ದಾಟಿದ ಗಾಡಿ ಬಿಡೂದೇ ಇಲ್ಲ.

ಅದಕ್ಕ ನಾ ಹೇಳೂದು, ಒಂದು 32 ಅಡಿದು ಬ್ಯಾಡ, 24-25 ಅಡಿವು ಎರಡು ತಗೊಳ್ರಿ. ಬಾಡಿಗಿ, ಪೆಟ್ರೋಲ್ ಹೆಚ್ಚು ಬೀಳ್ತದ, ಓಡಿಸೋರು ಇಬ್ರು ಬೇಕು, ಅದೂ ಖರೆ. ಆದ್ರ ಸಂಡಾಸು ಎರಡು ಸಿಗ್ತಾವ, ಹಿರಿಯರಿಗೆ ಕೆಳಗಿನ ಹಾಸಿಗಿ ಸಿಗ್ತದ, ಮಕ್ಕಳ ಗದ್ದಲ ಒಂದು ಗಾಡ್ಯಾಗ, ಅಪ್ಪನ ನಿದ್ದಿ ಇನ್ನೊಂದರಾಗ. ಎಲ್ಲಾರೂ ಒಂದೇ ಗಾಡ್ಯಾಗ ಇರಬೇಕು ಅನ್ನೋ ಆಸೆ ಅವ್ವಂದು, ನನಗ ತಿಳೀತದ, ಹಗಲೆಲ್ಲಾ ಕೂಡೇ ಇರ್ತೀವಲ್ಲ ಅಂತ ಹೇಳೀನಿ.

ಯೊಸೆಮಿಟಿ ಸೈಟುಗಳ ಬುಕಿಂಗ್ ತಿಂಗಳುಗಟ್ಟಲೆ ಮೊದಲೇ ಸರ್ಕಾರಿ ವೆಬ್‌ಸೈಟ್ ರಿಕ್ರಿಯೇಷನ್ ಡಾಟ್ ಗವ್‌ನ್ಯಾಗ ಪೆಸಿಫಿಕ್ ಟೈಮ್ (ಕ್ಯಾಲಿಫೋರ್ನಿಯಾದ ಟೈಮ್) ಬೆಳಿಗ್ಗೆ 7ಕ್ಕ ತೆಗೀತದ, ಥಂಡಿ ದಿನದಾಗ ಕಲಬುರಗ್ಯಾಗ ಅದು ರಾತ್ರಿ ಎಂಟೂವರೆ. ಬಾಜು ಬಾಜು ಸೈಟ್ ಬೇಕಂದ್ರ ಇಬ್ರು ಬ್ಯಾರೆ ಬ್ಯಾರೆ ಲಾಗಿನ್ ಇಟ್ಕೊಂಡು ಒಂದೇ ಟೈಮಿಗೆ ಕುಂದರ್ರಿ.