ಡಚ್ ಜೋಡುಪದಗಳು: ಒತ್ತು ಎಲ್ಲಿ ಬೀಳುತ್ತದೆ?

ಗೆಳೆಯರೇ, ಈ ವಾರ ನಿಮ್ಮ ಧ್ವನಿ ಸಂದೇಶಗಳನ್ನು ಕೇಳುವಾಗ ಒಂದು ವಿಷಯ ಗಮನಕ್ಕೆ ಬಂತು. ಡಚ್ ಜೋಡುಪದಗಳಲ್ಲಿ ನಾವು ಎರಡೂ ಭಾಗಗಳಿಗೆ ಸಮ ಒತ್ತು ಕೊಡುತ್ತಿದ್ದೇವೆ. ಹೆಚ್ಚಾಗಿ ಒತ್ತು ಮೊದಲ ಭಾಗಕ್ಕೇ ಬೀಳಬೇಕು. ಆಸ್ಪತ್ರೆಗೆ ಡಚ್ಚರು 'ಜೀಕನ್‌ಹೌಸ್' ಅಂತಾರೆ, ಅಂದರೆ ಕಾಯಿಲೆಯವರ ಮನೆ. 'ಜೀ' ಜೋರಾಗಿ, ಉಳಿದದ್ದು ಮೆಲ್ಲಗೆ.

ಆದರೆ ಮೊದಲ ಭಾಗ ಅಂದರೆ ಮೊದಲ ಅಕ್ಷರವೇ ಅಂತಲ್ಲ. ರೈಲು ನಿಲ್ದಾಣದ ಮುಂದಿನ ಚೌಕ 'ಸ್ಟಾಷೋನ್ಸ್‌ಪ್ಲೈನ್'. ಇಲ್ಲಿ ಒತ್ತು 'ಷೋನ್ಸ್' ಮೇಲೆ, ಏಕೆಂದರೆ 'ಸ್ಟಾಷೋನ್' ಒಂಟಿಯಾಗಿದ್ದಾಗಲೂ ಹಾಗೇ. ನಡುವಿನ 'ಸ್' ಬರೀ ಬೆಸುಗೆ. ನಮ್ಮಲ್ಲೂ ಮಳೆ, ಕಾಲ ಸೇರಿದರೆ 'ಮಳೆಗಾಲ' ಆಗುತ್ತೆ, ಅಲ್ವಾ? ನಾವು 'ಕ'ವನ್ನು 'ಗ' ಮಾಡುತ್ತೇವೆ, ಅವರು ನಡುವೆ ಒಂದು ಸದ್ದು ಸೇರಿಸುತ್ತಾರೆ.

ನಾಮಪದದ ಮುಂದೆ, ಇಂಗ್ಲಿಷಿನ 'ದಿ' ಥರ, 'ದೆ' ಬೇಕೋ 'ಹೆಟ್' ಬೇಕೋ ಅನ್ನೋದನ್ನು ಕೊನೆಯ ಪದ ತೀರ್ಮಾನಿಸುತ್ತದೆ. ಮನೆ 'ಹೆಟ್ ಹೌಸ್', ಬಾಗಿಲು 'ದೆ ದೋರ್'. ಆದ್ದರಿಂದ ಮನೆಬಾಗಿಲು 'ದೆ ಹೌಸ್‌ದೋರ್'. ಬರೆಯುವಾಗ ನಡುವೆ ಜಾಗ ಬಿಡಬೇಡಿ.

ಅಪವಾದಗಳೂ ಇವೆ. ನಗರಸಭೆಯ ಕಟ್ಟಡ 'ಸ್ಟಾಟ್‌ಹೌಸ್'ನಲ್ಲಿ ಒತ್ತು 'ಹೌಸ್' ಮೇಲೆ. ಇದನ್ನು ಸುಮ್ನೆ ಬಾಯಿಪಾಠ ಮಾಡಿಕೊಳ್ಳಿ. ನಾಲ್ಕೂ ಪದಗಳನ್ನು ಹೇಳಿ ಭಾನುವಾರದೊಳಗೆ ಕಳಿಸಿ, ಒಂದೊಂದನ್ನೂ ಕೇಳಿ ತಿದ್ದುತ್ತೇನೆ.