ಕ್ರೀಡಾಕೂಟಕ್ಕೂ ಜಾತಿಯ ಬೇಲಿ ಬೇಕೆ?

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ಚಳಿ ಬಿದ್ದಿತೆಂದರೆ ಮುಂಬಯಿಯ ನಮ್ಮ ಕನ್ನಡಿಗ-ತುಳುವರ ಸಂಘ-ಸಂಸ್ಥೆಗಳಲ್ಲಿ ಕ್ರೀಡಾಕೂಟಗಳ ಸುಗ್ಗಿ. ತಮ್ಮ ಪತ್ರಿಕೆಯಲ್ಲಿ ಬರುವ ಪ್ರಕಟಣೆಗಳಲ್ಲಿ ಹಲವು ‘ಸಮಾಜ ಬಾಂಧವರಿಗೆ ಮಾತ್ರ’ ಎಂಬ ಸಾಲಿನೊಂದಿಗೆ ಮುಗಿಯುತ್ತವೆ. ಆ ಸಾಲಿನ ಬಗ್ಗೆಯೇ ಈ ಪತ್ರ.

ಕಳೆದ ಚಳಿಗಾಲದಲ್ಲಿ ಅಂಥದೊಂದು ಕ್ರಿಕೆಟ್ ಪಂದ್ಯಾಟಕ್ಕೆ ನಮ್ಮ ಕಟ್ಟಡದ ಹುಡುಗರು ತಂಡ ಕಟ್ಟಿದ್ದರು. ಅವರಲ್ಲಿ ಚೆನ್ನಾಗಿ ಬೌಲ್ ಮಾಡುವ ಹುಡುಗನ ಮನೆಮಾತು ತುಳು, ಊರು ಕಾರ್ಕಳದ ಕಡೆ, ಆದರೆ ಅವನು ಆ ಸಂಘದ ಜಾತಿಯವನಲ್ಲ. ಟಾಸ್‌ಗೆ ಮುನ್ನ ಪಟ್ಟಿ ಹಿಡಿದು ಬಂದ ಕಾರ್ಯಕರ್ತರು ಅವನ ಹೆಸರಿನ ಮೇಲೆ ಗೀಟು ಎಳೆದರು. ಗಲಾಟೆಯೇನೂ ಆಗಲಿಲ್ಲ. ಬೆನ್ನ ಮೇಲೆ ತನ್ನದೇ ಹೆಸರು ಅಚ್ಚಾಗಿದ್ದ ಜೆರ್ಸಿಯನ್ನು ಕಳಚಿ ಇನ್ನೊಬ್ಬನಿಗೆ ಕೊಟ್ಟು, ಅವನು ಸಂಜೆಯವರೆಗೆ ಸ್ಕೋರ್ ಬರೆಯುತ್ತ ಕುಳಿತ. ಮಧ್ಯಾಹ್ನದ ಊಟಕ್ಕೆ ಮಾತ್ರ ಸಂಘದವರು ಅವನನ್ನು ಬಹಳ ಆದರದಿಂದಲೇ ಕರೆದರು.

ಆಗ ನನಗೆ ನೆನಪಾದವರು ಪಾಲ್ವಣಕರ್ ಬಾಲೂ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಈ ದಲಿತ ಬೌಲರ್ ಪುಣೆಯಲ್ಲಿ ಮೈದಾನದ ಕೆಲಸಕ್ಕಿದ್ದು, ಬಿಳಿಯರಿಗೆ ನೆಟ್ಸ್‌ನಲ್ಲಿ ಚೆಂಡು ಹಾಕುತ್ತಲೇ ಪಳಗಿದವರು. ಹಿಂದೂಗಳ ತಂಡಕ್ಕೆ ಅವರ ಎಡಗೈ ಸ್ಪಿನ್ ಬೇಕಿತ್ತು, ಆದರೆ ಪುಣೆಯಲ್ಲಿ ಚಹಾ ವಿರಾಮದಲ್ಲಿ ಅವರು ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕಿತ್ತು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತು ಬಂದರೂ ನಾಯಕತ್ವ ಅವರಿಗೆ ದಕ್ಕಲೇ ಇಲ್ಲ. ಹಿಂದೂ ತಂಡದ ನಾಯಕತ್ವ ಆ ಮನೆಗೆ ಬಂದದ್ದು 1923ರಲ್ಲಿ, ತಮ್ಮ ವಿಠ್ಠಲನ ಪಾಲಿಗೆ. ಬಾಲೂ ಅವರಿಗೆ ಆಟವಿತ್ತು, ಪಂಕ್ತಿಯಿರಲಿಲ್ಲ. ನಮ್ಮ ಹುಡುಗನಿಗೆ ಪಂಕ್ತಿ ಸಿಕ್ಕಿತು, ಆಟ ಸಿಗಲಿಲ್ಲ.

ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ಎಂದು ತಂಡ ಕಟ್ಟಿ ಮುಂಬಯಿಯಲ್ಲಿ ಆಡುತ್ತಿದ್ದ ಪಂದ್ಯಾವಳಿ 1937ರಲ್ಲಿ ಐದನೆಯ ತಂಡವನ್ನೂ ಸೇರಿಸಿಕೊಂಡು ಪೆಂಟ್ಯಾಂಗ್ಯುಲರ್ ಆಯಿತು. ಆ ಐದನೆಯ ತಂಡದ ಹೆಸರೇ ‘ಉಳಿದವರು’! ಅದಕ್ಕೆ ಜನ ಮುಗಿಬೀಳುತ್ತಿದ್ದರೆಂಬುದು ನಿಜ. ಆದರೂ 1940ರಲ್ಲಿ ಗಾಂಧೀಜಿ ಅದನ್ನು ಒಪ್ಪದೆ ಮಾತಾಡಿದರು, 1946ರಲ್ಲಿ ಅದು ನಿಂತುಹೋಯಿತು. ಇಡೀ ನಗರ ಅಂದು ಕೈಬಿಟ್ಟದ್ದನ್ನು ನಾವು ಇಂದು ಒಳಜಾತಿಗಳ ಮಟ್ಟಕ್ಕೆ ಇಳಿಸಿ, ಬಾಡಿಗೆಯ ಟರ್ಫ್ ಮೇಲೆ ಮುಂದುವರಿಸುತ್ತಿದ್ದೇವೆ.

ಸಂಘಗಳ ಕಡೆಯಿಂದಲೂ ಹೇಳಬೇಕಾದ್ದಿದೆ. ಹಣ ಸದಸ್ಯರದು, ದುಡಿಮೆ ಅವರದು. ಮನೆಯಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಬೆರೆಸಿ ಮಾತಾಡುವ ಮೂರನೆಯ ತಲೆಮಾರಿನ ಮಕ್ಕಳು ಸಂಘದ ಬಾಗಿಲಿಗೆ ಬರುವುದಿದ್ದರೆ ಅದು ಸಾಮಾನ್ಯವಾಗಿ ಆಟದ ನೆಪದಿಂದಲೇ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾನು ಈ ಊರಿಗೆ ಬಂದು ಕೋಟೆ ಪರಿಸರದ ಹೋಟೆಲೊಂದರಲ್ಲಿ ಮಾಣಿಯಾಗಿದ್ದಾಗ, ಮಧ್ಯಾಹ್ನ ಊಟದ ಗಿರಾಕಿಗಳು ಕರಗಿದ ಮೇಲೆ ಕ್ರಾಸ್ ಮೈದಾನಕ್ಕೆ ಓಡುತ್ತಿದ್ದ ನಮ್ಮ ತಂಡದಲ್ಲಿ ದೋಸೆ ಹುಯ್ಯುವ ಭಟ್ಟರೂ ಇದ್ದರು, ಲೋಟ ತೊಳೆಯುವ ಹುಡುಗನೂ ಇದ್ದ. ಅಡುಗೆಮನೆಯೊಳಗೆ ಕಾಲಿಡಲು ಆ ಹುಡುಗನಿಗೆ ಅನುಮತಿಯಿರಲಿಲ್ಲ. ಮೈದಾನದಲ್ಲಿ ಭಟ್ಟರನ್ನು ‘ಓಡಿ, ಓಡಿ’ ಎಂದು ಗದರಿಸುವ ಅಧಿಕಾರ ಅವನಿಗಿತ್ತು. ಸಂಜೆ ಶಟರ್ ಮೇಲೇರಿದರೆ ಮತ್ತೆ ಮೊದಲಿನಂತೆಯೇ, ನಿಜ. ಆದರೂ ಆ ಒಂದೂವರೆ ಗಂಟೆ ನಮಗೆ ಕಲಿಸಿದ್ದನ್ನು ಯಾವ ಸಭೆಯ ಭಾಷಣವೂ ಕಲಿಸಲಿಲ್ಲ.

ಸಂಘಗಳು ತಮ್ಮ ಹೆಸರು, ಬ್ಯಾನರು, ದೇವರ ಪೂಜೆ ಯಾವುದನ್ನೂ ಬಿಡಬೇಕಾಗಿಲ್ಲ. ಪ್ರತಿ ತಂಡದಲ್ಲೂ ಕನ್ನಡ, ತುಳು ಅಥವಾ ಕೊಂಕಣಿ ಬಲ್ಲ ಮೂವರು ಹೊರಗಿನ ಆಟಗಾರರಿಗೆ ಅವಕಾಶವಿಟ್ಟರೆ ಸದ್ಯಕ್ಕೆ ಸಾಕು. ನಮ್ಮ ಉಪನಗರದ ಸಂಘವೊಂದರ ಈ ವರ್ಷದ ಪ್ರವೇಶಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲವೆಂದು ತಿಳಿದುಬಂದಿದೆ. ಅದರ ಪದಾಧಿಕಾರಿಗಳು ತಮ್ಮ ಓದುಗರೂ ಹೌದು.

ತಮ್ಮ ವಿಶ್ವಾಸಿ,
ಹಳೆಯ ಓದುಗ, ಮುಲುಂಡ್, ಮುಂಬಯಿ