ಪ್ರದರ್ಶನ ಮುಗಿದ ಮೇಲೆ ಸುದ್ದಿ ಹಾಕಿದರೆ ಏನು ಬಂತು?

ಸಂಪಾದಕರಿಗೆ ನಮಸ್ಕಾರ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಫೋಟೊ ಫ್ರೇಮ್ ಅಂಗಡಿ ಇದೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ದೇವರ ಫೋಟೊ, ತೀರಿಕೊಂಡವರ ಫೋಟೊ, ಸನ್ಮಾನ ಪತ್ರ, ನಡುನಡುವೆ ಕಲಾವಿದರ ಚಿತ್ರಗಳು. ನನಗೆ ಒಂದು ಮಾವಿನಕಾಯಿ ಬರೆಯಲೂ ಬರುವುದಿಲ್ಲ. ಆದರೆ ಈ ಊರಿನ ಪ್ರದರ್ಶನಗಳಿಗೆ ಹೋಗುವ ಎಷ್ಟೋ ಚಿತ್ರಗಳು ಮೊದಲು ನನ್ನ ಟೇಬಲ್ ಮೇಲೆ ಮಲಗಿ ಎದ್ದಿರುತ್ತವೆ. ಆ ಸಲುಗೆಯಿಂದ ಬರೆಯುತ್ತಿದ್ದೇನೆ.

ಏಪ್ರಿಲ್‌ನಲ್ಲಿ ಚಿತ್ತಾಪುರ ಕಡೆಯ ಒಬ್ಬ ಹುಡುಗಿ ತನ್ನ ಮೊದಲ ಪ್ರದರ್ಶನಕ್ಕೆ 22 ಚಿತ್ರ ತಂದಳು. ಶಹಾಬಾದ್ ಕಲ್ಲಿನ ಗಣಿ, ಹಳೆ ಮನೆಗಳ ಬಾಗಿಲು, ಕೋಟೆ ಗೋಡೆ. ಒಂದು ತೊಗರಿ ಹೊಲದ ಚಿತ್ರ ಮಾತ್ರ ಈಗಲೂ ಕಣ್ಣ ಮುಂದೆ ಇದೆ. ಹಳದಿ ಹೂ ಬಿಟ್ಟ ಸಾಲು, ಬದುವಿನ ಮೇಲೆ ಬುತ್ತಿ ಗಂಟು, ಸೀರೆ ಮೇಲೆ ಗಂಡನ ತುಂಬುತೋಳಿನ ಅಂಗಿ ಹಾಕಿಕೊಂಡ ಹೆಣ್ಣುಮಗಳು. ಮುಖ ಕಾಣುವುದಿಲ್ಲ, ಬೆನ್ನಷ್ಟೇ. ಬಣ್ಣ ಇನ್ನೂ ಬೆರಳಿಗೆ ಹತ್ತುತ್ತಿತ್ತು. ಅಕ್ರಿಲಿಕ್ ಆದರೆ ಬೇಗ ಒಣಗುತ್ತದೆ, ಎಣ್ಣೆ ಬಣ್ಣ ದಪ್ಪಗೆ ಬಳಿದರೆ ವಾರಗಟ್ಟಲೆ ಹಸಿಯೇ.

"ಇಷ್ಟ್ಯಾಕ ತಡ ಮಾಡಿದೆವ್ವ?" ಅಂದೆ.

"ಹಾಲ್ ಸಿಗೋದು ನಿನ್ನಿ ಖಾತ್ರಿ ಆಯ್ತ್ರಿ ಕಾಕಾ."

ಎರಡು ರಾತ್ರಿ ಕೂತು ಕಟ್ಟಿದೆ. ಜಲವರ್ಣಕ್ಕೆ ಮೌಂಟ್, ಅಂದರೆ ಚಿತ್ರಕ್ಕೂ ಗ್ಲಾಸಿಗೂ ನಡುವೆ ದಪ್ಪ ರಟ್ಟಿನ ಅಂಚು, ಕೊಟ್ಟೇ ಗ್ಲಾಸ್ ಹಾಕಬೇಕು, ಇಲ್ಲದಿದ್ದರೆ ಕಾಗದ ಗ್ಲಾಸಿಗೆ ಅಂಟಿ ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ. ಅವಸರದಲ್ಲಿ ಇದನ್ನೇ ಬಿಡುವವರು ಜಾಸ್ತಿ.

ಅವಳು ಆಮಂತ್ರಣ ಪತ್ರಿಕೆ ಕೊಟ್ಟಳು. ಅದರಲ್ಲಿ ಒಂಬತ್ತು ಜನರ ಹೆಸರು, ಹೆಸರಿನ ಕೆಳಗೆ ಹುದ್ದೆ. ಉದ್ಘಾಟನೆ ಬೆಳಿಗ್ಗೆ 11ಕ್ಕೆ. ಎಷ್ಟು ಗಂಟೆವರೆಗೆ ತೆರೆದಿರುತ್ತದೆ ಅನ್ನುವುದು ಇಲ್ಲ. ಒಂದೇ ಒಂದು ಚಿತ್ರವೂ ಇಲ್ಲ! ಚಿತ್ರಕಲಾ ಪ್ರದರ್ಶನದ ಕಾರ್ಡು ಅದು. ಗೃಹಪ್ರವೇಶದ ಕಾರ್ಡಿಗಾದರೂ ಗಣಪತಿ ಇರುತ್ತಾನೆ.

ಎರಡನೇ ದಿನ ನಾಲ್ಕು ಗಂಟೆಗೆ ಹೋದೆ. ಹೊರಗೆ ಬಿಸಿಲು ಧಗಧಗ ಅನ್ನುತ್ತಿತ್ತು. ಒಳಗೆ ಹುಡುಗಿ, ಅವಳ ತಮ್ಮ, ಎರಡು ಫ್ಯಾನು. ಗೋಡೆಯಲ್ಲಿ ಮೊದಲೇ ಇದ್ದ ಮೊಳೆಗಳಿಗೇ ಚಿತ್ರ ತೂಗುಹಾಕಿದ್ದರು, ಕತ್ತೆತ್ತಿ ನೋಡಬೇಕು. ಚಿತ್ರದ ನಡುಭಾಗ ನೆಲದಿಂದ ಸುಮಾರು ಐದಡಿಗೆ ಬಂದರೆ ನಿಂತವರ ಕಣ್ಣಿಗೆ ಸರಿಯಾಗುತ್ತದೆ. ಗ್ಲಾಸ್ ಹಾಕಿದ್ದರಲ್ಲಿ ಟ್ಯೂಬ್‌ಲೈಟೇ ಹೊಳೆಯುತ್ತಿತ್ತು. ಐದಕ್ಕೆ ಹಾಲ್ ಬಾಗಿಲು ಹಾಕುತ್ತಾರೆ. ಈ ಊರಿನಲ್ಲಿ ಬ್ಯಾಸಿಗೆಯಲ್ಲಿ ಜನ ಮನೆ ಬಿಟ್ಟು ಹೊರಗೆ ಬರುವುದೇ ಐದೂವರೆಗೆ ಅಲ್ವಾ? ಮೂರು ದಿನ ಮುಗಿದಾಗ ಅಭಿಪ್ರಾಯ ಪುಸ್ತಕದಲ್ಲಿ 31 ಸಹಿ. ನಾನು ನೋಡಿದೆ, ಅರ್ಧಕ್ಕರ್ಧ ಕಲಾವಿದರವೇ.

ನಾಲ್ಕನೇ ದಿನ ನಿಮ್ಮ ಪತ್ರಿಕೆಯಲ್ಲಿ ಸುದ್ದಿ ಬಂತು. ಫೋಟೊದಲ್ಲಿ ದೀಪ, ದೀಪದ ಸುತ್ತ ಒಂಬತ್ತು ಜನ. ಒಬ್ಬರ ಭುಜದ ಹಿಂದೆ ತೊಗರಿ ಹೊಲದ ಒಂದು ಮೂಲೆ, ಅಂಗೈ ಅಗಲ. ಅವತ್ತು ನಮ್ಮೂರ ದೇವರು ಶರಣಬಸಪ್ಪನ ಫೋಟೊಕ್ಕೆ ಕಟ್ಟು ಹಾಕಿಸಲು ಫರಹತಾಬಾದ್ ಕಡೆಯ ತಾಯಿಯೊಬ್ಬರು ಬಂದಿದ್ದರು. ಪೇಪರ್ ನನ್ನ ಟೇಬಲ್ ಮೇಲಿತ್ತು. ಆ ಅಂಗೈ ಅಗಲದ ಮೇಲೆ ಬೆರಳಿಟ್ಟು, "ಇದು ತೊಗರಿ ಅಲ್ಲೇನ್ರಿ? ಎಲ್ಲಿ ಅದ ಇದು?" ಅಂತ ಕೇಳಿದರು. ನಿನ್ನೆಗೆ ಮುಗೀತವ್ವ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮಂಥೋರಿಗಿ ಒಳಗ ಬಿಡ್ತಾರೇನ್ರಿ? ಎಷ್ಟ್ ತಗೋತಾರ?" ಅಂದರು. ಪ್ರವೇಶ ಪುಕ್ಕಟೆ ಅನ್ನುವುದೂ ಜನಕ್ಕೆ ಗೊತ್ತಿಲ್ಲ ನೋಡಿ.

ಇದೇ ಊರಲ್ಲಿ 1916ರಲ್ಲಿ ಹುಟ್ಟಿದ ಕಲಾವಿದ ಎಸ್.ಎಂ. ಪಂಡಿತರ ಚಿತ್ರ ನೋಡಲು ಯಾರಿಗೂ ಕಾರ್ಡು ಬೇಕಾಗಿರಲಿಲ್ಲ. ಕ್ಯಾಲೆಂಡರಿನಲ್ಲಿ ಕೂತು ಅವೇ ಮನೆಗೆ ಬಂದವು. ಅಂಥ ಹಳೆ ಕ್ಯಾಲೆಂಡರ್ ದೇವರನ್ನು ಅಂಚು ಕತ್ತರಿಸಿ ಮತ್ತೆ ಕಟ್ಟಿಸಲು ಈಗಲೂ ನನ್ನ ಹತ್ತಿರ ತರುತ್ತಾರೆ. ಬರೆದವರು ಯಾರು ಅಂತ ತಂದವರಿಗೆ ಗೊತ್ತಿರುವುದಿಲ್ಲ. ಚಿತ್ರ ಮಾತ್ರ ಬಿಡುವುದಿಲ್ಲ. ಅವರ ಹೆಸರಿನ ರಂಗಮಂದಿರದ ಮುಂದೆಯೇ ದಿನಾ ಓಡಾಡುವ ಊರು ನಮ್ಮದು, ಇಲ್ಲಿ ಚಿತ್ರ ನೋಡುವವರಿಲ್ಲ ಅಂದರೆ ನಾನು ನಂಬುವುದಿಲ್ಲ.

ಹಾಗಾಗಿ ಒಂದು ಕೇಳಿಕೆ. ಪ್ರದರ್ಶನದ ಸುದ್ದಿಯನ್ನು ಶುರುವಾಗುವ ಮುಂಚೆ ಹಾಕಿ. ನಾಲ್ಕು ಸಾಲು ಸಾಕು. ಎಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ, ರಾತ್ರಿ ಎಷ್ಟಕ್ಕೆ ಮುಚ್ಚುತ್ತದೆ, ಪ್ರವೇಶ ಪುಕ್ಕಟೆ. ಕಲಾವಿದರಿಗೂ ಬೈಯಬೇಕು. ಸುದ್ದಿ ಹಿಂದಿನ ದಿನ ರಾತ್ರಿ ಕಳಿಸಿದರೆ ನೀವಾದರೂ ಏನು ಮಾಡುತ್ತೀರಿ? ಚಿತ್ರ ನನಗೆ ತಂದುಕೊಟ್ಟ ದಿನವೇ ಫೋಟೊ ತೆಗೆದು ಪತ್ರಿಕೆಗೂ ಕಳಿಸಿ ಅಂತ ಈಗ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದೇನೆ.

ಆ ಹುಡುಗಿ ದೀಪಾವಳಿ ಆದ ಮೇಲೆ ಮತ್ತೆ ಪ್ರದರ್ಶನ ಇಡುತ್ತಾಳಂತೆ, ರಾತ್ರಿ ಎಂಟರವರೆಗೆ ತೆರೆದಿಡುವ ಜಾಗ ಹುಡುಕುತ್ತಿದ್ದಾಳೆ. ಹದಿನೈದು ದಿನ ಮುಂಚೆಯೇ ತೊಗರಿ ಹೊಲದ ಫೋಟೊ ನಿಮಗೆ ಬರುತ್ತದೆ. ಜಾಗ ಸಾಲದಿದ್ದರೆ ಅತಿಥಿಗಳ ಹೆಸರು ತೆಗೆಯಿರಿ, ಅವಳೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಫರಹತಾಬಾದಿನ ಆ ತಾಯಿಗೆ ಫ್ರೇಮ್ ಒಯ್ಯಲು ಬಂದಾಗ ನಾನೇ ಹೇಳಿಟ್ಟಿದ್ದೇನೆ.

— ಒಬ್ಬ ಫ್ರೇಮ್ ಅಂಗಡಿಯವ, ಕಲಬುರಗಿ